ಅಕ್ಕನ ಗಂಟು

"'ಇಟ್ಟಿದ್ದೆ' ಅನ್ನಬೇಡ ಅಕ್ಕಾ, 'ಕೊಟ್ಟೆ' ಅನ್ನು. ಅಷ್ಟೇ ಹೇಳು, ಮಾತು ಬೆಳೆಸಬೇಡ."

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತು ತಂಗಿ ಮತ್ತೊಮ್ಮೆ ಹೇಳಿಕೊಟ್ಟಳು. ಅಕ್ಕ ತಲೆಯಾಡಿಸಿದಳು. ಹಾಸ್ಟೆಲಿನ ಅಡುಗೆಮನೆ ಬಿಟ್ಟರೆ ಬೇರೆ ಲೋಕ ಕಾಣದ ಅವಳು ಓಡಾಡುವ ಕಪ್ಪು ಕೋಟುಗಳನ್ನು ನೋಡುತ್ತ, "ಈ ಸೆಕೆಯಲ್ಲಿ ಇದನ್ನ ಹೇಗೆ ಹಾಕ್ಕೊಂಡಿರ್ತಾರೋ ಪಾಪ" ಎಂದಳು.

ಅಕ್ಕನ ಗಂಡ ಬದುಕಿದ್ದಷ್ಟು ಕಾಲ ಕುಡಿದೇ ಕಳೆದವನು. ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಏನಾದರೂ ಇದ್ದರೆ ಜುಟ್ಟು ಹಿಡಿದು ಎಳೆದೊಯ್ದು ತೆಗೆಸುತ್ತಿದ್ದ. ಅದಕ್ಕೇ ಅವಳು ಸಂಬಳದಲ್ಲಿ ಉಳಿದದ್ದನ್ನೆಲ್ಲ ತಂಗಿಯ ಕೈಗೆ ತಂದಿಟ್ಟು, "ನಿನ್ನ ಖಾತೇಲೇ ಇರ್ಲಿ ಕಣೇ, ನನ್ನ ಹತ್ರ ಇದ್ರೆ ನಾಯೀನ ರೊಟ್ಟಿ ಕಾವಲಿಗೆ ಇಟ್ಟ ಹಾಗೆ" ಎನ್ನುತ್ತಿದ್ದಳು. ಗಂಡ ಸತ್ತ ಮೇಲೂ ಅದೇ ರೂಢಿ ಉಳಿಯಿತು. ಹೋದ ತಿಂಗಳು, ಇನ್ನು ಒಲೆಯ ಮುಂದೆ ನಿಲ್ಲಲಾರೆ ಎಂದು ಕೆಲಸ ಬಿಟ್ಟಳು. ಒಳಗೇ ನಲ್ಲಿ ಇರುವ ಒಂದು ಕೋಣೆ ಬಾಡಿಗೆಗೆ ಹಿಡಿಯುವುದೆಂದುಕೊಂಡು ತನ್ನ ಗಂಟು ಕೇಳಲು ತಂಗಿಯ ಮನೆಗೆ ಬಂದಳು. ಅವಳ ಹಿಂದೆಯೇ ಪೊಲೀಸರೂ ಬಂದರು.

ತಂಗಿಯ ಗಂಡ ಕಿವಿ ಮಂದವಾದ ಮುದುಕರ ಮನೆಗಳಿಗೆ ಹೋಗಿ ಕಿವಿಯ ಯಂತ್ರ ಮಾರುತ್ತಿದ್ದವನು. ಆ ಯಂತ್ರದೊಳಗೆ ಗುಂಯ್ ಎನ್ನುವ ಆಟಿಕೆ ಸಾಮಾನು ಬಿಟ್ಟರೆ ಏನೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಅವನು ಜೈಲು ಸೇರಿದ. ಅಕ್ಕನ ಗಂಟೂ ಇದ್ದ ಗಂಡ ಹೆಂಡತಿಯ ಜಂಟಿ ಖಾತೆಯನ್ನು ಕೋರ್ಟು ತಡೆಹಿಡಿಯಿತು. ನನಗೇನೂ ಗೊತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿ ಹೇಳಿ ತಂಗಿಗೆ ಆ ಮಾತೂ ಸವೆದುಹೋಗಿತ್ತು.

ಗಂಡನ ಪರ ನಿಂತ ವಕೀಲರು ಒಳ್ಳೆಯವರೇ. ಆದರೆ ಫೀಸು ಬಾರದೆ ಮುಂದಿನ ವಾಯಿದೆಗೆ ನಿಲ್ಲಲಾರೆ ಎಂದುಬಿಟ್ಟಿದ್ದರು. ತಡೆಹಿಡಿದ ಹಣದಿಂದಲೇ ಫೀಸು ಬಿಡಿಸಿಕೊಳ್ಳಲು ದಾರಿಯೊಂದಿದೆ, ಆದರೆ ಮೋಸಹೋದವರ ಹಣವನ್ನು ಕೋರ್ಟು ಮುಟ್ಟಗೊಡುವುದಿಲ್ಲ, ಖಾತೆಯಲ್ಲಿ ಅವರದ್ದಲ್ಲದ ಹಣ ಯಾವುದಾದರೂ ಇದ್ದರೆ ತೋರಿಸಿ ಎಂದಿದ್ದರು. ಹುಡುಕಿದರೆ ಅಂಥದ್ದು ಒಂದೇ ಇತ್ತು. ಅದು ಅಕ್ಕನದು. ಅಕ್ಕ ಅದು ತನ್ನದೆಂದರೆ ಮುದುಕರ ಸಾಲಿನಲ್ಲಿ ಅವಳೂ ನಿಂತು, ಕೇಸು ಮುಗಿಯುವವರೆಗೆ ಕಾಯಬೇಕು. ತಂಗಿಗೆ ಕೊಟ್ಟದ್ದೆಂದರೆ ಇವತ್ತೇ ವಕೀಲರಿಗೆ ಸಿಗುತ್ತದೆ. ತಂಗಿ ಇದನ್ನು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು, ಅವನು ಹೊರಗೆ ಬರ್ತಾನಾ ಎಂದು. ಬರಬಹುದು ಅಂತಾರೆ ಎಂದಿದ್ದಳು ತಂಗಿ. "ಬರಬಹುದು" ಎಂದು ಅಕ್ಕ ಆ ಪದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿದ್ದಳು.

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಮುದುಕ ಅಕ್ಕನ ಕಡೆ ವಾಲಿ, ನೀವೂ ಕಿವಿ ಯಂತ್ರದ ಕೇಸಿಗೇ ಬಂದದ್ದಾ ಎಂದು ವರಾಂಡವೆಲ್ಲ ಕೇಳುವಂತೆ ವಿಚಾರಿಸಿದ. ಅಕ್ಕ ಹೌದೆಂದು ತಲೆಯಾಡಿಸಿದಳು.

"ಮಾರೋಕೆ ಬಂದೋನು ಎಷ್ಟು ಜೋರಾಗಿ ಮಾತಾಡಿದ ಅಂತೀರಮ್ಮ, ಯಂತ್ರ ಇಲ್ದಿದ್ರೂ ಕೇಳಿಸ್ತಿತ್ತು. ನಾನು ಅದು ಯಂತ್ರದ ಮಹಿಮೆ ಅಂದ್ಕೊಂಡೆ."

ಹೇಳಿ ಅವನೇ ನಕ್ಕ. ಅಕ್ಕನೂ ನಕ್ಕುಬಿಟ್ಟಳು. ತಂಗಿ ಮುಖ ತಿರುಗಿಸಿ ಗೋಡೆ ನೋಡಿದಳು. ಮನೆಯಲ್ಲಿ ತನ್ನ ಗಂಡನದು ಮೆಲುದನಿ. ಒಂದು ಲೋಟ ನೀರು ಕೇಳುವುದಕ್ಕೂ ಸಂಕೋಚಪಡುತ್ತಿದ್ದ.

ಒಳಗೆ ಕರೆದಾಗ ಎಲ್ಲವೂ ಬೇಗ ನಡೆಯಿತು. ಸರ್ಕಾರದ ವಕೀಲರು, ಈ ಹಣ ಮೋಸಹೋದವರದ್ದಲ್ಲವಾದರೆ ತಮ್ಮ ತಕರಾರಿಲ್ಲ ಎಂದು ಕೂತರು. ನ್ಯಾಯಾಧೀಶರು ವಯಸ್ಸಾದ ಹೆಂಗಸು. ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿ, ಮೆತ್ತಗೆ ಕೇಳಿದರು.

"ಕೊಟ್ಟಿದ್ದು ಅಂದ್ರೆ ಮುಂದೆ ನೀವು ಇದನ್ನ ಕೇಳೋ ಹಾಗಿಲ್ಲ. ಗೊತ್ತೇನಮ್ಮ? ಯಾರಾದ್ರೂ ಹೀಗೆ ಹೇಳು ಅಂತ ಹೇಳಿಕೊಟ್ಟಿದ್ದಾರಾ?"

ಅಕ್ಕ ತಂಗಿಯ ಕಡೆ ತಿರುಗಿದಳು. ಇಟ್ಟಿದ್ದೆ ಎಂದುಬಿಡಲಿ ಎಂದು ತಂಗಿಯ ಒಳಗೆ ಯಾರೋ ಕೈಮುಗಿದರು. ಅನ್ನದೇ ಇರಲಿ ಎಂದು ಮುಗಿದದ್ದೂ ಅದೇ ಕೈ. ಎದ್ದು ನಿಂತು, ಹೇಳಿಕೊಟ್ಟವಳು ನಾನೇ ಎನ್ನಲು ಎಷ್ಟು ಹೊತ್ತು ಬೇಕು? ಅವಳು ಕಣ್ಣು ಕೆಳಗೆ ಹಾಕಿದಳು.

"ಯಾರೂ ಇಲ್ಲ ತಾಯಿ," ಎಂದಳು ಅಕ್ಕ. "ಅವಳಿಗೇ ಕೊಟ್ಟೆ. ಕೊಟ್ಟಾಯ್ತಲ್ಲ."

ಹಣ ತಂಗಿಯ ಕೈಗೂ ಬರಲಿಲ್ಲ. ನೇರವಾಗಿ ವಕೀಲರಿಗೇ ಹೋಗುವಂತೆ ಆದೇಶವಾಯಿತು. ಹೊರಗೆ ಬಂದ ಮೇಲೆ ವಕೀಲರು ಅಕ್ಕನಿಗೆ ಕೈಮುಗಿದು, ನಿಮ್ಮಂಥವರು ಮನೆಗೊಬ್ಬರಿರಬೇಕು ಎಂದರು. ಆಮೇಲೆ ದನಿ ತಗ್ಗಿಸಿ, ಇದು ಜಾಮೀನು ಅರ್ಜಿಯವರೆಗೆ ಆದೀತು, ಜಾಮೀನು ಸಿಗುತ್ತದೆಂದು ಖಾತ್ರಿ ಕೊಡಲಾರೆ, ವಿಚಾರಣೆಯ ಫೀಸು ಬೇರೆ, ಅದನ್ನು ಆಗ ನೋಡಿಕೊಳ್ಳೋಣ ಎಂದು ತಂಗಿಗೆ ಹೇಳಿ, ಇನ್ನೊಂದು ಕೇಸಿಗೆ ಹೊತ್ತಾಯಿತೆಂದು ಹೋದರು.

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬಂದರು. ಅಕ್ಕ, ಹಾಸ್ಟೆಲ್ ಕಡೆ ಒಮ್ಮೆ ಹೋಗಿ ಬರೋಣ, ಸಂಜೆ ಅಡುಗೆ ಶುರುವಾಗೋ ಮುಂಚೆ ವಾರ್ಡನ್ನಮ್ಮ ಸಿಗ್ತಾರೆ ಎಂದಳು.

"ಅಕ್ಕಾ, ನಮ್ಮನೇಲೇ ಇರು."

"ನಿಮ್ಮನೇಲಿ ಬೇಯಿಸೋಕೆ ಏನಿದೆಯೇ?" ಎಂದಳು ಅಕ್ಕ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹಾಸ್ಟೆಲಿನ ಹಿತ್ತಲಲ್ಲಿ ತಂಗಿಯನ್ನು ನಿಲ್ಲಿಸಿ ಅಕ್ಕ ಒಳಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ದೊಡ್ಡ ಒಲೆಯ ಮುಂದೆ, ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ, ಗಟ್ಟಿಮುಟ್ಟಾದ ಹೊಸ ಅಡುಗೆಯವಳು ನಿಂತಿದ್ದಳು. ವಾರ್ಡನ್ನಮ್ಮ ಬಂದು ಒಲೆಯನ್ನೊಮ್ಮೆ ಅಕ್ಕನನ್ನೊಮ್ಮೆ ನೋಡಿದರು, ಹಣೆ ಉಜ್ಜಿಕೊಂಡರು, ಕೊನೆಗೆ ಹಿಂದಿನ ಗೋಡೆಯ ಕಡೆ ಕೈ ತೋರಿದರು. ಅಲ್ಲಿ ನೆಲದ ಮೇಲೆ ಹೆಂಗಸರು ಸಾಲಾಗಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದರು. ಮೊನ್ನೆಯವರೆಗೂ ಅಕ್ಕನ ಒಂದು ಗದರಿಕೆಗೆ ಬೆದರುತ್ತಿದ್ದವರು.

ಅಕ್ಕ ಗೋಡೆಗೆ ಕೈಯೂರಿ ಮೆಲ್ಲಗೆ ಸಾಲಿನ ಕೊನೆಯಲ್ಲಿ ಕೂತಳು. ಪಕ್ಕದವಳು ತಲೆಯೆತ್ತದೆ ಸ್ವಲ್ಪ ಸರಿದು ಜಾಗ ಬಿಟ್ಟಳು. ಆಮೇಲೆ ತನ್ನ ಗುಡ್ಡೆಯ ಅರ್ಧವನ್ನು ಅಂಗೈಯಿಂದ ಅಕ್ಕನ ಕಡೆ ತಳ್ಳಿದಳು.