ತೋಟಾ ಅಂಗಡಿಯ ಮುಂದಿನ ಸಾಲು

ಸೋದರ ಸೊಸೆಯನ್ನು ಮಣ್ಣು ಮಾಡಿ ಬಂದ ಮರುದಿನವೇ ಅಂಗಡಿಯವನು ಬಾಗಿಲು ತೆರೆಯಲು ಹೊರಟದ್ದು ವ್ಯಾಪಾರದ ಆಸೆಯಿಂದೇನೂ ಅಲ್ಲ. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬಂದ ಹಾಗಾಗುತ್ತಿತ್ತು. ತಂಗಿಯ ಮನೆಗೆ ಹೋಗೋಣವೆಂದರೆ ಅವಳ ಗೇಟಿನ ಮುಂದೆ ಟಿವಿಯವರ ವ್ಯಾನುಗಳು ಜೇನು ಮುತ್ತಿದ ಹಾಗೆ ಮುತ್ತಿದ್ದವು. ಇಷ್ಟು ವರ್ಷ ಬೆಳಿಗ್ಗೆ ಎದ್ದರೆ ಅವನ ಕಾಲು ತಾನಾಗಿ ಹೋಗುತ್ತಿದ್ದ ಜಾಗ ಆ ಅಂಗಡಿಯೊಂದೇ. ಶಟರ್ ಅರ್ಧ ಎತ್ತಿ, ಒಳಗೆ ಕತ್ತಲಲ್ಲಿ ಕೂತಿದ್ದು ಬಂದರಾಯಿತು ಎಂದುಕೊಂಡಿದ್ದ. ಬೀದಿಯ ತಿರುವಿಗೆ ಬಂದವನು ಗಕ್ಕನೆ ನಿಂತ. ಅವನ ಶಟರಿನಿಂದ ಹಿಡಿದು ಪಕ್ಕದ ಬಣ್ಣದಂಗಡಿ ದಾಟಿ, ಕನ್ನಡಕದಂಗಡಿಯನ್ನೂ ದಾಟಿ ಜನ ಸಾಲುಗಟ್ಟಿ ನಿಂತಿದ್ದರು.

ಅವನದು ಬೇಟೆಯವರಿಗೆ, ಕಾವಲುಗಾರರಿಗೆ ಬೇಕಾದ ಸಾಮಾನಿನ ಅಂಗಡಿ. ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಕೆಲವು ಬಂದೂಕು, ಗಾಜಿನ ಕಪಾಟಿನ ತುಂಬ ಬಂದೂಕಿಗೆ ತುಂಬುವ ತೋಟಾಗಳ ಡಬ್ಬಿ, ಉಳಿದಂತೆ ಗಾಳ, ಟಾರ್ಚು, ಮಳೆಯಂಗಿ, ದುರ್ಬೀನು. ಸಾಮಾನ್ಯ ದಿನಗಳಲ್ಲಿ ಮಧ್ಯಾಹ್ನ ತೂಕಡಿಸಿದರೂ ಎಬ್ಬಿಸುವವರಿರಲಿಲ್ಲ. ಈಗ ಸಾಲು ನಿಂತದ್ದಕ್ಕೆ ಕಾರಣ ಟಿವಿ. ಹಿಂದಿನ ವಾರ ಬಸ್ ನಿಲ್ದಾಣದಲ್ಲಿ ಒಬ್ಬ ಬಂದೂಕು ತೆಗೆದು ಎದುರಿಗೆ ಸಿಕ್ಕವರನ್ನೆಲ್ಲ ಹೊಡೆದಿದ್ದ. ಯಾಕೆ ಹೊಡೆದ ಎನ್ನುವುದು ಪೊಲೀಸರಿಗೂ ತಿಳಿದಿರಲಿಲ್ಲ. ಟಿವಿಯವರಿಗೆ ಮಾತ್ರ ಹತ್ತು ಕಾರಣ ತಿಳಿದಿದ್ದವು. ಅದರ ಬೆನ್ನಿಗೇ ಹೊಸ ಸುದ್ದಿ ಎದ್ದಿತ್ತು: ಮನೆಮನೆಯಲ್ಲೂ ಇರುವ ಬಂದೂಕನ್ನು ಕಿತ್ತುಕೊಳ್ಳುವುದು ಆಗದ ಹೋಗದ ಮಾತು, ಆದ್ದರಿಂದ ಸರ್ಕಾರ ತೋಟಾ ಮಾರುವುದನ್ನೇ ನಿಲ್ಲಿಸುತ್ತದಂತೆ. ಇಂದೇ ಅಂತೆ, ನಾಳೆಯೇ ಅಂತೆ.

ನಿಲ್ದಾಣದಲ್ಲಿ ಸತ್ತವರಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಅವನ ತಂಗಿಯ ಮಗಳೂ ಒಬ್ಬಳು. ಹಸುಗೂಸಾಗಿದ್ದಾಗ ಒಮ್ಮೆ ಅಳು ಹಿಡಿದರೆ ಗಂಟೆಗಟ್ಟಲೆ ಕುಯ್ಯುತ್ತಿದ್ದಳೆಂದು ‘ಪಿಟೀಲು’ ಎಂದು ಹೆಸರಿಟ್ಟವನು ಈ ಸೋದರಮಾವನೇ. ಅವನಿಗೆ ಮಕ್ಕಳಿರಲಿಲ್ಲ. ಆಸ್ಪತ್ರೆಯ ಶವಾಗಾರದ ಹೊರಗೆ ಒಬ್ಬ ಪೊಲೀಸ್ ಅಧಿಕಾರಿ ಅವನನ್ನು ಪಕ್ಕಕ್ಕೆ ಕರೆದು, “ತೋಟಾ ನಿಮ್ಮ ಅಂಗಡೀದಲ್ಲ, ಬೇರೆ ಊರಲ್ಲಿ ಕೊಂಡಿದ್ದು” ಎಂದಿದ್ದ. ಆ ಕ್ಷಣ ಅವನ ಎದೆಯ ಮೇಲಿಂದ ಬಂಡೆ ಇಳಿದಂತಾಗಿತ್ತು. ಒಳಗೆ ಕೂಸು ತಣ್ಣಗೆ ಮಲಗಿರುವಾಗ ತನಗೆ ಹಗುರವಾಯಿತಲ್ಲ ಎಂಬ ನಾಚಿಕೆ ಆಮೇಲೆ ಅವನನ್ನು ಬಿಟ್ಟದ್ದೇ ಇಲ್ಲ.

ಸಾಲಿನ ತಲೆಯಲ್ಲಿದ್ದವನು ಶಟರ್ ಎತ್ತಲು ತಾನೇ ಕೈಜೋಡಿಸಿದ. ಮೊದಲನೆಯವನಿಗೆ ಡಬ್ಬಿ ತೆಗೆದುಕೊಟ್ಟದ್ದು ಅಭ್ಯಾಸಬಲದಿಂದ. ಎರಡನೆಯವನಿಗೆ ಕೊಟ್ಟದ್ದು ಮೊದಲನೆಯವನಿಗೆ ಕೊಟ್ಟ ಮೇಲೆ ಇವನಿಗೆ ಹೇಗೆ ಇಲ್ಲವೆನ್ನುವುದೆಂದು. ಆಮೇಲೆ ಕೈ ಯೋಚಿಸುವುದನ್ನು ಬಿಟ್ಟಿತು. ಹೊತ್ತೇರುವಷ್ಟರಲ್ಲಿ ಹೆಂಡತಿಯೂ ಬಂದು ಪರವಾನಗಿ ನೋಡಿ ನೋಡಿ ಒಳಗೆ ಬಿಡತೊಡಗಿದಳು. ಹುಟ್ಟಿದಾರಭ್ಯ ಇಲಿಯನ್ನೂ ಹೊಡೆಯದಂಥವರು ಅಜ್ಜನ ಕಾಲದ ಪರವಾನಗಿ ಹಿಡಿದು ಬಂದಿದ್ದರು. ಒಬ್ಬ ದರ್ಜಿ ಯಾವ ಅಳತೆಯ ತೋಟಾ ಬೇಕೆಂದು ತಿಳಿಯದೆ, “ಎಲ್ಲದಕ್ಕೂ ಹೊಂದೋದು ಯಾವುದಿದೆ?” ಎಂದು ಕೇಳಿದ.

ಕೌಂಟರಿನ ಮೇಲುಗಡೆಯ ಚಿಕ್ಕ ಟಿವಿಯಲ್ಲಿ ತಂಗಿ ಕಾಣಿಸಿಕೊಂಡಳು. ಮುಖದ ಮುಂದೆ ಮೈಕುಗಳ ಪೊದೆ. “ಬಂದೂಕು ಮನೇಲಿದ್ರೆ ಇರ್ಲಿ. ತೋಟಾ ಇಲ್ದೆ ಹೋದ್ರೆ ಅದು ಬರೀ ಕೋಲು,” ಎನ್ನುತ್ತಿದ್ದಳು. “ತೋಟಾ ಮಾರೋರನ್ನ ನಿಲ್ಲಿಸಿ. ನಾನು ಕೇಳೋದು ಇಷ್ಟೇ.” ಅವಳ ದನಿ ಒಡೆದು ಹೋಗಿತ್ತು.

ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ನಿಟ್ಟುಸಿರಿಟ್ಟ. “ಪಾಪ, ಹೆತ್ತ ಕರುಳು. ಆದ್ರೆ ಈಯಮ್ಮ ಬಾಯಿಬಿಟ್ಟಾಗ್ಲೆಲ್ಲ ಬ್ಯಾನು ಒಂದು ಹೆಜ್ಜೆ ಹತ್ರ ಬರುತ್ತೆ. ಬೇಗ ಬೇಗ ಕೊಡಿ ಸ್ವಾಮಿ.”

ಅಂಗಡಿಯವನು ಬೇಗ ಬೇಗ ಕೊಟ್ಟ. ಹೆಂಡತಿ ತಲೆ ಎತ್ತದೆ ಟಿವಿಯ ಸದ್ದು ಕಡಿಮೆ ಮಾಡಿದಳು.

ಮೂರನೆಯ ದಿನ ಸಾಲಿನಲ್ಲಿ ನಿವೃತ್ತ ಅಂಚೆಯವನು ಬಂದ. ಹಳೆಯ ಗಿರಾಕಿ, ಮನೆಯವರನ್ನೆಲ್ಲ ಬಲ್ಲವನು. ಅವನು ಏನನ್ನೂ ಕೊಳ್ಳಲು ಬಂದಿರಲಿಲ್ಲ. ಇವನ ಮುಖ ನೋಡಿ ಹೋಗಲು ಅಷ್ಟು ಹೊತ್ತು ನಿಂತಿದ್ದ. ಕೌಂಟರಿನ ಮೇಲೆ ಕೈಯಿಟ್ಟು, “ಪಿಟೀಲು ಇದರ ಕೆಳಗೇ ಬಚ್ಚಿಟ್ಕೊಂಡಿರ್ತಿದ್ಲಲ್ವಾ?” ಎಂದ. “ಒಂದ್ಸಲ ನಾನು ಕಾಗದ ಕೊಡಕ್ಕೆ ಬಂದ್ರೆ ಚಂಗನೆ ಎದ್ದು, ಬಾಳೆಹಣ್ಣು ಗುರಿಯಿಟ್ಟು, ‘ಕೈ ಮೇಲೆತ್ರೀ’ ಅಂದ್ಲು. ನಾನು ಆ ಹಣ್ಣು ಕಿತ್ಕೊಂಡು, ಸುಲಿದು ತಿಂದ್ಬಿಟ್ಟೆ. ಅವತ್ತು ಸಂಜೇವರೆಗೂ ಕುಯ್ದಿದ್ದೇ ಕುಯ್ದಿದ್ದು.”

ಅಂಗಡಿಯವನಿಗೆ ಆ ಸಿಪ್ಪೆ ಕೂಡ ಕಣ್ಣಿಗೆ ಕಟ್ಟಿತು. ಅವನು ನಕ್ಕ. ಇಷ್ಟು ದಿನ ಅಳು ಬರದಿದ್ದವನಿಗೆ ಬಂದ ನಗು ಅದು. ಬಾಯಿತುಂಬ, ಹಲ್ಲು ಕಾಣುವಂತೆ. ರಸ್ತೆಯಾಚೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ನಿಂತವನನ್ನು ಅವನು ನೋಡಲಿಲ್ಲ.

ಅಂದು ಸಂಜೆ ಹಿತ್ತಿಲ ಬಾಗಿಲಿನಿಂದ ತಂಗಿಯ ಮನೆಗೆ ಹೋದ. ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖಕ್ಕೆ ಯಾರೋ ಹಚ್ಚಿದ್ದ ಪೌಡರು ಕಣ್ಣ ಕೆಳಗೆ ಗೀರುಗೀರಾಗಿತ್ತು.

“ಅಂಗಡಿ ತೆಗ್ದಿದ್ದೀಯಂತೆ,” ಎಂದಳು.

“ಹೂಂ.”

“ಮಾರ್ತಿದ್ದೀಯಾ?”

“ಜನ ಬರ್ತಾರೆ. ಪರವಾನಗಿ ಇರೋರು. ನಾನಿಲ್ಲ ಅಂದ್ರೆ ಮುಂದಿನ ಬೀದೀಲಿ ತಗೋತಾರೆ.” ಸ್ವಲ್ಪ ತಡೆದು, “ಆ ಪಾಪಿ ತಗೊಂಡಿದ್ದು ನಮ್ಮ ಅಂಗಡೀಲಲ್ಲ ಅಂತ ಪೊಲೀಸ್ರೇ ಹೇಳಿದಾರೆ” ಎಂದ.

“ಯಾರ ಅಂಗಡೀದೋ ಒಂದು, ಅಣ್ಣ. ಆ ಅಂಗಡಿಯವ್ನಿಗೂ ಅದು ಕಪಾಟಲ್ಲಿದ್ದ ಒಂದು ಡಬ್ಬಿ. ನಿನ್ನ ಥರಾನೇ ಚಿಲ್ಲರೆ ಎಣಿಸಿ ಕೊಟ್ಟಿರ್ತಾನೆ.”

“ಕಾಡಂಚಲ್ಲಿ ಇರೋರೆಲ್ಲ ಏನ್ಮಾಡ್ಬೇಕು ಹೇಳು. ರಾತ್ರಿ ಕಳ್ಳರು ಬಂದ್ರೆ, ಪೊಲೀಸ್ರು ಬರೋ ಹೊತ್ತಿಗೆ ಬೆಳಗಾಗಿರುತ್ತೆ. ಯಾರೋ ಒಬ್ಬ ಹುಚ್ಚ ಮಾಡಿದ್ದಕ್ಕೆ…”

ಅವಳು ಅವನನ್ನು ನೋಡುತ್ತಲೇ ಇದ್ದಳು. ಕೋಪವಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಕಣ್ಣಲ್ಲಿದ್ದದ್ದು ಬೇಡಿಕೆ. “ಒಂದು ತಿಂಗಳು ಮುಚ್ಚು. ನಂಗೋಸ್ಕರ,” ಎಂದಳು.

“ನಾಳೆ ಒಂದಿನ. ಮುಂಗಡ ಕೊಟ್ಟೋರಿದಾರೆ. ಅದು ಮುಗಿಸಿ ಮುಚ್ತೀನಿ.”

ಅವನು ಹೇಳಿದಂತೆಯೇ ಮಾಡುತ್ತಿದ್ದನೋ ಏನೋ. ಅಷ್ಟರಲ್ಲಿ ಮರುದಿನ ಒಬ್ಬ ವರದಿಗಾರ್ತಿ ಅಂಗಡಿಗೆ ಬಂದಳು. ಮೃದುವಾದ ಮಾತು, ನೋಡಿದರೆ ಪಿಟೀಲಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಸಂಜೆ ಚರ್ಚೆಯಿದೆ, ಮಾರುವವರ ಕಡೆಯಿಂದ ಒಬ್ಬರೂ ಮಾತಾಡಲು ಬರುತ್ತಿಲ್ಲ, ನೀವು ಬಂದು ನಿಮ್ಮ ಮಾತು ನೀವೇ ಹೇಳಿ ಎಂದಳು. ತಾನು ಯಾರ ಸೋದರಮಾವ ಎಂಬುದು ಅವಳಿಗೆ ತಿಳಿದಿರಲಾರದು ಎಂದು ಅವನು ನಂಬಿದ. ಅವನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು: ಹೆದರಿ ತೋಟಾ ಕೊಳ್ಳಬೇಡಿ, ನಾನು ನಾಳೆಯಿಂದ ಮುಚ್ಚುತ್ತಿದ್ದೇನೆ, ಉಳಿದವರೂ ಮುಚ್ಚಿ ಎಂದು ಊರೆಲ್ಲ ಕೇಳುವಂತೆ ಹೇಳಬೇಕು. ಅದನ್ನು ತಂಗಿ ಮನೆಯಲ್ಲಿ ಕೂತು ನೋಡಬೇಕು.

ಹೆಂಡತಿ ಬೇಡವೆಂದಳು. “ಅವ್ರು ಕರ್ಯೋದು ನಿಮ್ಮ ಮಾತಿಗಲ್ಲ, ನಿಮ್ಮ ಮುಖಕ್ಕೆ.”

ಸ್ಟುಡಿಯೋದಲ್ಲಿ ಅವನನ್ನು ಒಂದು ಕಿರುಕೋಣೆಯಲ್ಲಿ ಕೂರಿಸಿ, ಕತ್ತಿಗೆ ಟಿಶ್ಯೂ ಸಿಕ್ಕಿಸಿ, ಹಣೆಯ ಬೆವರೊರೆಸಿ ಪೌಡರು ಹಚ್ಚಿದರು. ಕಾಲರಿಗೆ ಮೈಕು ಸಿಕ್ಕಿಸಿ ಒಳಗೆ ಕರೆದೊಯ್ದರು. ದೀಪಗಳ ಉರಿಗೆ ಕಣ್ಣು ಹೊಂದಿಕೊಂಡಾಗ ಮೇಜಿನ ಆಚೆಬದಿಯಲ್ಲಿ ತಂಗಿ ಕೂತಿದ್ದಳು. ಅವಳಿಗೂ ಹೇಳಿರಲಿಲ್ಲ. “ಒಬ್ಬ ವ್ಯಾಪಾರಿ ಬರ್ತಾರೆ, ಅವರನ್ನ ನೀವೇ ಕೇಳಿ” ಎಂದಷ್ಟೇ ಹೇಳಿ ಕೂರಿಸಿದ್ದರು. ಅವಳ ತುಟಿ “ಅಣ್ಣ” ಎಂಬಂತೆ ಅಲ್ಲಾಡಿತು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು.

ನಿರೂಪಕ ಎದ್ದು ನಿಂತೇ ಮಾತಾಡುವವನು. “ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು,” ಎಂದು ಶುರುಮಾಡಿದ. “ತಂಗಿ ತೋಟಾ ನಿಲ್ಲಿಸಿ ಅನ್ನುತ್ತಾರೆ. ಅಣ್ಣ ತೋಟಾ ಮಾರುತ್ತಾರೆ. ಸೋದರ ಸೊಸೆಯ ಸಮಾಧಿಯ ಮಣ್ಣು ಆರುವ ಮೊದಲೇ ಅಂಗಡಿಯ ಮುಂದೆ ಎಂಥ ಸಾಲು, ನೋಡಿ.”

ಹಿಂದಿನ ದೊಡ್ಡ ಪರದೆಯ ಮೇಲೆ ಸಾಲು ಕಾಣಿಸಿತು. ಕ್ಯಾಮೆರಾ ಸಾಲಿನುದ್ದಕ್ಕೂ ಸರಿದು ಒಳಗಿನ ಕೌಂಟರಿಗೆ ಬಂತು. ಅಲ್ಲಿ ಅವನು ನಗುತ್ತಿದ್ದ. ಅಂಚೆಯವನ ಬೆನ್ನು ಮಾತ್ರ ಕಾಣುತ್ತಿತ್ತು. ಇವನ ಮುಖ ಪೂರ್ತಿ ಕಾಣುತ್ತಿತ್ತು. ಆ ನಗುವನ್ನು ಅಲ್ಲೇ ನಿಲ್ಲಿಸಿ, ಸುತ್ತ ಒಂದು ಕೆಂಪು ಚಕ್ರ ಎಳೆದರು.

“ಇದು…” ಎಂದ ಅವನು. “ಇದು ಅದಲ್ಲ. ಅವರು ಅಂಚೆಯವರು, ಮಗು ಚಿಕ್ಕದಿದ್ದಾಗ ಒಂದ್ಸಲ…”

“ಈ ವಾರ ನಿಮ್ಮ ವ್ಯಾಪಾರ ಹೆಚ್ಚಾಯಿತೋ ಇಲ್ಲವೋ?”

“ನಾನು ಹೇಳಕ್ಕೆ ಬಂದಿದ್ದು ಬೇರೆ. ನಾಳೆಯಿಂದ…”

“ಹೌದೋ, ಅಲ್ಲವೋ? ಜನ ಉತ್ತರ ಕೇಳುತ್ತಿದ್ದಾರೆ.”

“ಹೌದು,” ಎಂದ ಅವನು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ತಂಗಿ ಪರದೆಯ ಮೇಲಿನ ನಗುವನ್ನೇ ನೋಡುತ್ತಿದ್ದಳು. ನಿರೂಪಕ ಅವಳ ಕಡೆ ತಿರುಗಿ, ನಿಮ್ಮಣ್ಣನಿಗೆ ಏನು ಹೇಳುತ್ತೀರಿ ಎಂದು ಕೇಳಿದ. ಅವಳು ಸೆರಗಿಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಲು ಹೋದಳು. ಅದು ಬರಲಿಲ್ಲ. ಕೊನೆಗೆ ತಂತಿಯ ಸಮೇತ ಕಿತ್ತು ಮೇಜಿನ ಮೇಲಿಟ್ಟು ಎದ್ದುಹೋದಳು. ಅವಳು ಹೋಗುವುದನ್ನೂ ತೋರಿಸಿದರು. ಆಮೇಲೆ ಸೋಪಿನ ಜಾಹೀರಾತು ಬಂತು.

ಆ ತುಣುಕು ವಾರವಿಡೀ ಓಡಿತು. ಅಂಗಡಿಯವನು ಮತ್ತೆ ತೋಟಾ ಮಾರಲಿಲ್ಲ. ಅದರಿಂದ ಯಾರ ಕೋಪವೂ ಇಳಿಯಲಿಲ್ಲ. ಒಂದು ಕಡೆಯವರು ಶಟರಿಗೆ ಕಲ್ಲು ತೂರಿದರು. ಇನ್ನೊಂದು ಕಡೆಯವರು, ಮುಂಗಡ ಕೊಟ್ಟವರು, ಮನೆಯ ಬಾಗಿಲು ಬಡಿದರು. ವ್ಯಾಪಾರಿಗಳ ಸಂಘದವರು ಬಂದು ನಮ್ಮೆಲ್ಲರ ಮುಖಕ್ಕೂ ಮಸಿ ಬಳಿದೆಯಲ್ಲ ಎಂದು ಬೈದು ಹೋದರು. ಉಳಿದ ಡಬ್ಬಿಗಳನ್ನು, ಬಂದೂಕುಗಳನ್ನು, ಪರವಾನಗಿಯನ್ನು ಅವನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದ. ತಂಗಿಯ ಮನೆಗೆ ಹೋದಾಗ ಅವಳ ಗಂಡ ಗೇಟಿನಲ್ಲೇ ತಡೆದು, “ಈಗ ಬೇಡ ಭಾವ. ನಿಮ್ಮ ದನಿ ಕೇಳಿದ್ರೂ ಎದ್ದು ಒಳಗೆ ಹೋಗ್ತಾಳೆ” ಎಂದ. ಗೇಟಿನ ಮುಂದೆ ವ್ಯಾನುಗಳು ಒಂದೂ ಉಳಿದಿರಲಿಲ್ಲ. ಆ ಹೊತ್ತಿಗೆ ಯಾವನೋ ಮಂತ್ರಿಯ ಲಂಚದ ಸುದ್ದಿ ಎದ್ದಿತ್ತು.

ಕಾನೂನೂ ಬಂತು. ಹಾವೂ ಸಾಯದ, ಕೋಲೂ ಮುರಿಯದ ಕಾನೂನು. ಒಬ್ಬರು ತಿಂಗಳಿಗೆ ಇಂತಿಷ್ಟೇ ತೋಟಾ ಕೊಳ್ಳಬೇಕು, ಅದೂ ಮುಂದಿನ ವರ್ಷದಿಂದ. ಹಾಗಾಗಿ ಆ ವರ್ಷವಿಡೀ ಎಲ್ಲ ಊರಿನ ಅಂಗಡಿಗಳ ಮುಂದೆ ಸಾಲು ಕರಗಲೇ ಇಲ್ಲ. ಇವನು ಗಾಳ, ಟಾರ್ಚು, ಮಳೆಯಂಗಿ ಮಾರಿಕೊಂಡಿದ್ದ. ಸಂತೆಗೆ ಹೋದಾಗಲೂ ಬಸ್ಸಿನಲ್ಲಿ ಕೂತಾಗಲೂ ಎದುರಿಗೆ ಬಂದವರ ಮುಖ ನೋಡಿ, ಇವನಿಗೆ ನಾನು ಕೊಟ್ಟಿದ್ದೆನೇ, ಅದು ಈಗ ಇವನ ಮನೆಯ ಯಾವ ಮೂಲೆಯಲ್ಲಿದೆ ಎಂದು ಯೋಚಿಸುವುದು ರೂಢಿಯಾಯಿತು. ನಗುವುದು ಕಡಿಮೆಯಾಯಿತು.

ವರ್ಷ ತುಂಬುವ ಮೊದಲೇ ಇನ್ನೊಂದು ಊರಿನಲ್ಲಿ ಒಬ್ಬ ಶಾಲೆಗೆ ನುಗ್ಗಿ ಗುಂಡು ಹಾರಿಸಿದ. ಮರುದಿನ ಬೆಳಿಗ್ಗೆ ತಂಗಿ ಫೋನ್ ಮಾಡಿದಳು.

“ಅಣ್ಣ, ಕಾರಿದೆಯಾ?”

“ಇದೆ.”

“ಟಿವಿಯವ್ರು ನನ್ನ ಮತ್ತೆ ಕರೀತಿದಾರೆ. ನಾನು ಹೋಗಲ್ಲ. ಆ ಊರಿಗೆ ಹೋಗ್ಬೇಕು. ಅಲ್ಲಿ ಒಬ್ಳು ತಾಯಿ ನಿನ್ನೆಯಿಂದ ಮೈಕಿನ ಮುಂದೆ ನಿಂತಿದಾಳೆ. ಅವಳಿಗೆ ಬೇಡ ಅಂತ ಹೇಳ್ಬೇಕು. ನಮ್ಮನೆಯವ್ರು ಊರಲ್ಲಿಲ್ಲ. ನಂಗೆ ಬಸ್ ಸ್ಟ್ಯಾಂಡೊಳಗೆ ಕಾಲಿಡಕ್ಕಾಗಲ್ಲ.”

ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅರ್ಧ ದಾರಿ ಕಳೆದ ಮೇಲೆ ಕೇಳಿದಳು: “ಅವತ್ತು ಯಾಕೆ ನಕ್ಕಿದ್ದೆ?”

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. ಅಂಚೆಯವನು, ಬಾಳೆಹಣ್ಣು, ‘ಕೈ ಮೇಲೆತ್ರೀ’. ಕನ್ನಡಿಯಲ್ಲಿ ನೋಡಿದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಸೆರಗು ಸರಿಸಿ, “ಅದು ಸರಿ,” ಎಂದಳು. “ಮಾರಿದ್ದು ಯಾಕೆ?”

“ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.”

“ಹುಡುಕ್ದೆಯಾ?”

“ದಿನಾ ಹುಡುಕ್ತೀನಿ.”

ಆ ಊರಿನ ಆ ಮನೆಯ ಮುಂದೆ ಅವೇ ವ್ಯಾನುಗಳು, ಅವೇ ತಂತಿಗಳು. ತಂಗಿ ತಲೆಯ ಮೇಲೆ ಸೆರಗು ಹೊದ್ದು, ಜನರ ನಡುವೆ ನುಸುಳಿ ಒಳಗೆ ಹೋದಳು. ಅವನು ಕಾರಿನಲ್ಲೇ ಉಳಿದ. ಅವಳು ಹೊರಬಂದಾಗ ಬಿಸಿಲು ಇಳಿದಿತ್ತು. ಈ ಸಲ ಮುಂದಿನ ಸೀಟಿನ ಬಾಗಿಲು ತೆಗೆದು ಕೂತಳು.

“ನಿನ್ನ ಮಾತು ಕೇಳಿದ್ಲಾ?”

“ಇಲ್ಲ. ಸಂಜೆ ಸ್ಟುಡಿಯೋಗೆ ಹೋಗ್ತಾಳಂತೆ. ಮಾತಾಡದೆ ಇದ್ರೆ ಮಗನಿಗೆ ದ್ರೋಹ ಮಾಡ್ದಂಗೆ ಅಂದ್ಲು. ನಂಗೂ ಹಾಗೇ ಅನ್ಸಿತ್ತು. ಈಗ್ಲೂ ಒಂದೊಂದ್ಸಲ ಅನ್ಸುತ್ತೆ.” ಕಿಟಕಿಯಾಚೆ ನೋಡುತ್ತಾ ಹೇಳಿದಳು: “ಆ ಹುಡುಗನ್ನ ಹೊಡ್ದ ತೋಟಾ ಎಲ್ಲೀದು ಅಂತ ಇನ್ನೂ ಗೊತ್ತಾಗಿಲ್ವಂತೆ.”

ಅವನ ಕೈ ಕೀಲಿಯ ಮೇಲೇ ನಿಂತಿತು. ಅವಳು ಅದನ್ನು ನೋಡಿದಳು. ಸಮಾಧಾನದ ಮಾತು ಅವಳ ಬಾಯಿಂದ ಬರಲಿಲ್ಲ. ಅವನು ಅದನ್ನು ನಿರೀಕ್ಷಿಸಲೂ ಇಲ್ಲ.

“ಹೋಗೋಣ ಅಣ್ಣ,” ಎಂದಳು. “ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು.”

ಅವನು ಕಾರು ಹೊರಡಿಸಿದ.