ಹದಿನಾರರ ಈಡು

“ಇದು ಒಳಗ ಹೋಗಂಗಿಲ್ಲ, ತಗೋವ್ವಾ,” ಎಂದು ಭರಮಮ್ಮ ಬಂದೂಕಿನ ಕೆಂಪು ತೋಟಾವನ್ನು ಕಾನ್‌ಸ್ಟೇಬಲ್ ರೋಜಾಳ ಕೈಗೆ ವಾಪಸ್ಸು ಇಟ್ಟಳು. ನಳಿಗೆಗೆ ಹಾಕಿ ನೋಡುವ ಗೋಜಿಗೂ ಹೋಗಲಿಲ್ಲ. ಎರಡು ಬೆರಳಲ್ಲಿ ಹಿಡಿದಾಗಲೇ ಗೊತ್ತಾಗಿತ್ತು, ಇದು ಹನ್ನೆರಡರ ತೋಟಾ.

“ಎಲ್ಲಾರೂ ಇದನ್ನ ಹಾಕಿ ಹೊಡದಾರ.”

“ಎಲ್ಲಾರದೂ ಹನ್ನೆರಡು. ನಂದು ಹದಿನಾರು.”

“ಹದಿನಾರು ಅಂದ್ರ ಇನ್ನೂ ದೊಡ್ಡದಲ್ಲೇನು? ಇದು ಸಲೀಸಾಗಿ ಹೋಗಬೇಕು.”

ಶಿಬಿರಕ್ಕೆ ಬಂದ ಮೂರು ದಿನದಲ್ಲಿ ಈ ಪ್ರಶ್ನೆ ಕೇಳಿದವರಲ್ಲಿ ರೋಜಾ ಎಂಟನೆಯವಳು. ಭರಮಮ್ಮನಿಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ, ಕೇಳಲಿ ಅಂತಲೇ ಕಾಯುತ್ತಿದ್ದಳು. “ಒಂದು ಮುದ್ದಿ ಹಿಟ್ಟಿನಾಗ ಹನ್ನೆರಡು ರೊಟ್ಟಿ ಬಡದ್ರ ದೊಡ್ಡವು ಆಗ್ತಾವ. ಅದರಾಗ ಹದಿನಾರು ಬಡದ್ರ ಸಣ್ಣವು ಆಗ್ತಾವ. ತುಪಾಕಿ ಬಾಯಿ ಲೆಕ್ಕಾನೂ ಹಂಗ. ಅಂಕಿ ದೊಡ್ಡದು, ಬಾಯಿ ಸಣ್ಣದು,” ಎಂದಳು. ರೋಜಾ ನಕ್ಕಳು. ತೋಟಾ ಒಳಗಿಟ್ಟು, ಠಾಣೆಯಿಂದ ಬಂದೂಕಿನ ಜೊತೆ ತಂದಿದ್ದ ತಗಡಿನ ಡಬ್ಬಿ ತೆಗೆದುಕೊಟ್ಟಳು. ಅದರಲ್ಲಿ ಹದಿನಾರರ ಐದು ತೋಟಾ ಇದ್ದವು, ಆರನೆಯದು ಇರಲಿಲ್ಲ.

ಹರಪನಹಳ್ಳಿ ಆಚೆ, ಗುಡ್ಡದ ಬುಡದಲ್ಲಿ ಪೊಲೀಸರು ನಡೆಸುತ್ತಿದ್ದ ನಾಗರಿಕ ಬಂದೂಕು ತರಬೇತಿಯ ಕಡೇ ದಿನ ಅದು. ಮೂವತ್ತೊಂದು ಮಂದಿಯಲ್ಲಿ ಹೆಂಗಸು ಅಂದರೆ ಭರಮಮ್ಮ ಒಬ್ಬಳೇ. ಹಂಪಸಾಗರದ ಹತ್ತಿರ ಹೊಳೆ ದಂಡೆಯಲ್ಲಿ ಇವಳ ಅಪ್ಪ ಪಾಲಾಕ್ಷಪ್ಪನ ಹೊಲ. ಬೆಳೆ ಕಾಯಲು ಅವನು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಬಂದೂಕು ಈ ಹದಿನಾರು. ಅವನ ಕಣ್ಣು ಮಂಜಾದ ಮೇಲೆ ಲೈಸೆನ್ಸಿನಲ್ಲಿ ತನ್ನ ಹೆಸರಿನ ಕೆಳಗೆ ಮಗಳ ಹೆಸರು ಸೇರಿಸಿದ್ದ. ಮಗ ಭೀಮರಾಜನ ಹೆಸರು ಯಾಕೆ ಸೇರಿಸಲಿಲ್ಲ ಅಂದರೆ, ಅವನು ಪಟಾಕಿಗೇ ಕಿವಿ ಮುಚ್ಚಿಕೊಳ್ಳುವ ಪೈಕಿ. ಅವತ್ತಿನಿಂದ ಇಪ್ಪತ್ತು ವರ್ಷ ಹೊಲ ಕಾದವಳು ಭರಮಮ್ಮ. ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಸಂಜೆ ಹೊಳೆ ಕಡೆಯಿಂದ ಹಂದಿಗಳು ಬಂದರೆ, ಬದುವಿನ ಮೇಲೆ ನಿಂತು ಒಂದು ಈಡು. ಮಹಾನವಮಿಗೆ ಅದೇ ಬದುವಿನ ಮೇಲೆ ಬೂದುಗುಂಬಳಕಾಯಿ ಇಟ್ಟು ಇನ್ನೊಂದು ಈಡು.

ಹೋದ ವರ್ಷ ಪಾಲಾಕ್ಷಪ್ಪ ತೀರಿಕೊಂಡ. ಅವನ ಬಲಗಿವಿಯಲ್ಲಿ ಬಂಗಾರದ ಒಂದೇ ಒಂದು ಕಡಕು ಇತ್ತು, ಎಡಗಿವಿಯದನ್ನು ಎಂದೋ ಕುರಿ ಸಂತೆಯಲ್ಲಿ ಕಳೆದುಕೊಂಡು ಬಂದಿದ್ದ. ಆ ಕಡಕು ಬಿಚ್ಚಿ ಇಟ್ಟುಕೊಂಡವಳು ಭರಮಮ್ಮ. ಬಂದೂಕನ್ನು ಮಾತ್ರ ಇಟ್ಟುಕೊಳ್ಳುವ ಹಾಗಿರಲಿಲ್ಲ, ಲೈಸೆನ್ಸಿನಲ್ಲಿ ಕೆಳಗಿನ ಹೆಸರು ನಡೆಯುವುದು ಮೇಲಿನ ಹೆಸರಿನವನು ಇರುವ ತನಕ ಮಾತ್ರ. ಡಬ್ಬಿಯ ಐದು ತೋಟಾ ಸಮೇತ ಠಾಣೆಯಲ್ಲಿ ಜಮಾ ಆಯಿತು. ಅವಳ ಹೆಸರಿಗೆ ಆಗಬೇಕಾದರೆ ಈ ಶಿಬಿರದಲ್ಲಿ ಪಾಸಾಗಿ ಸರ್ಟಿಫಿಕೇಟ್ ತರಬೇಕು. ಇಲ್ಲವಾದರೆ ಬಂದೂಕು ಸರ್ಕಾರಕ್ಕೆ, ಸರ್ಕಾರದಿಂದ ಗುಜರಿಗೆ.

“ಹೋದ್ರ ಹೋಗಲಿ ಅಕ್ಕಾ,” ಎಂದು ಭೀಮರಾಜ ಶಿಬಿರಕ್ಕೆ ಬರುವ ಬಸ್ಸಿನಲ್ಲೂ ಹೇಳಿದ್ದ. “ಹದಿನಾರರ ತೋಟಾ ಎಲ್ಲಿ ಸಿಗ್ತಾವ? ದಾವಣಗೆರಿ ಅಂಗಡಿಯವ ಏನಂದ, ಇದನ್ನ ಕೇಳಾವ್ರು ನೀವೊಬ್ರೆ ಅಂದ.”

“ಹೂನ್ಲೇ, ನಾನೊಬ್ಬಾಕೀನ,” ಎಂದಿದ್ದಳು ಭರಮಮ್ಮ. ಅಂಗಡಿಯವನು ಅದನ್ನು ಬೈಗುಳ ಅಂತ ಅಂದಿದ್ದರೂ ಇವಳು ಮೆಡಲ್ ಥರ ಇಟ್ಟುಕೊಂಡಿದ್ದಳು.

ಈಗ ಅವಳ ಸರದಿ. ನಿಯಮ ಸರಳವಾಗಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಹಲಗೆ, ಹಲಗೆಗೆ ಬಾಗಿಲಗಲದ ಕಾಗದ, ಐದು ಈಡಿನಲ್ಲಿ ಮೂರಾದರೂ ಆ ಕಾಗದಕ್ಕೆ ಬೀಳಬೇಕು. ಕಾಗದದ ಮೇಲೆ ಒಬ್ಬ ಮನುಷ್ಯನ ಚಿತ್ರ ಅಚ್ಚಾಗಿತ್ತು. ದಪ್ಪ ಮೀಸೆ, ದೊಡ್ಡ ಕಿವಿ, ಎದೆ ಉಬ್ಬಿಸಿಕೊಂಡು ನಿಂತಿದ್ದ. ಹಿಂದೆ ಮಣ್ಣಿನ ದಿಬ್ಬ.

ಭರಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದೂಕು ಎತ್ತಿ ಹೆಗಲಿಗೆ ಆನಿಸಿದಳು. ಎಂಟು ತಿಂಗಳಾಗಿತ್ತು ಅದನ್ನು ಮುಟ್ಟಿ. ಹನ್ನೆರಡಕ್ಕಿಂತ ಹಗುರ, ಸಣ್ಣ ನಡುವಿನದು, ಕೆನ್ನೆ ಇಟ್ಟ ಜಾಗದಲ್ಲಿ ಮರ ನುಣ್ಣಗೆ ಸವೆದಿತ್ತು. ಅರ್ಧ ಸವೆತ ಅಪ್ಪನದು, ಅರ್ಧ ಇವಳದು. ಢಂ ಎಂದಿತು. ಕಾಗದ ಅಲುಗಲಿಲ್ಲ. ಇನ್ನೊಂದು ಹಾಕಿದಳು. ಢಂ. ಮೀಸೆಯವನು ಹಾಗೇ ಎದೆ ಉಬ್ಬಿಸಿಕೊಂಡೇ ಇದ್ದ.

“ಗಾಳಿಗೆ ಬಿತ್ತು ನೋಡ್ರೆಪಾ,” ಎಂದ ಹೊಸ ಜೋಡುನಳಿಗೆ ತಂದಿದ್ದ ಮೆಕ್ಕೆಜೋಳದ ದಲ್ಲಾಳಿ ಒಬ್ಬ. ಒಂದಿಷ್ಟು ಮಂದಿ ನಕ್ಕರು. ಭೀಮರಾಜ ಕಿವಿಯಿಂದ ಕೈ ತೆಗೆದು ತಲೆ ಮೇಲೆ ಇಟ್ಟುಕೊಂಡ.

ತರಬೇತಿ ಕೊಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ಗುರುಶಾಂತ ಕೊಟ್ಟೂರಿನವರು, ನಿವೃತ್ತಿಗೆ ಹತ್ತಿರವಾದವರು, ಸುಮ್ಮಸುಮ್ಮನೆ ಗದರುವವರಲ್ಲ. ಹತ್ತಿರ ಬಂದರು. “ಏನವ್ವಾ, ಎರಡೂ ತಪ್ಪಿದ್ವಲ್ಲ. ಇನ್ನ ಮೂರು ಉಳದಾವ, ಮೂರೂ ಬೀಳಬೇಕು.”

“ತಪ್ಪಿಲ್ರಿ ಸಾಹೇಬ್ರ.”

“ಮತ್ತ ಎಲ್ಲಿ ಬಿದ್ದಾವ?”

“ಆತನ ತಲಿ ಮ್ಯಾಲೆ, ಒಂದೂವರಿ ಮೊಳಕ್ಕ. ದಿಬ್ಬದಾಗ ಒಂದು ಬಿಳಿ ಕಲ್ಲು ಇತ್ತು, ಈಗ ಇರಂಗಿಲ್ಲ. ನೋಡಿಕೆಂಡು ಬರ್ರಿ.”

ಗುರುಶಾಂತ ಅವಳನ್ನೇ ಒಂದು ಗಳಿಗೆ ನೋಡಿದರು. ಎಲ್ಲರ ಬಂದೂಕು ಕೆಳಗಿಡಿಸಿ, ದಿಬ್ಬದ ತನಕ ನಡೆದು ಹೋದರು. ಬಾಗಿ ನೋಡಿದರು, ಬೆರಳಲ್ಲಿ ಮಣ್ಣು ಕೆದರಿದರು. ಊಟದ ತಟ್ಟೆಯಷ್ಟಗಲದಲ್ಲಿ ಮಣ್ಣು ಹಸಿಯಾಗಿ ಎದ್ದಿತ್ತು. ಆ ಒಂದೇ ತಟ್ಟೆಯೊಳಗೆ ಎರಡೂ ಈಡಿನ ಚರೆಯ ಸಣ್ಣ ಸೀಸದ ಗುಂಡುಗಳು ಕೂತಿದ್ದವು. ವಾಪಸ್ಸು ಬರುವಾಗ ಅವರ ನಡಿಗೆ ನಿಧಾನವಾಗಿತ್ತು.

“ಬೇಕಂತ ಮ್ಯಾಲೆ ಹೊಡದಿ?”

“ಮನಷ್ಯಾನ ಮ್ಯಾಲೆ ಮಣಿ ಇಡಬಾರದ್ರಿ,” ಎಂದು ಭರಮಮ್ಮ ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಹಿತ್ತಾಳೆ ಮಣಿಯನ್ನು ತೋರಿಸಿದಳು. “ಅಪ್ಪ ನನ್ನ ಕೈಗೆ ತುಪಾಕಿ ಕೊಡೋವಾಗ ಇದೊಂದs ಮಾತು ತಗಂಡಿದ್ದ. ಹಂದಿ ಮ್ಯಾಲೂ ಇಟ್ಟಿಲ್ರಿ ನಾನು. ಅವುಗಳ ನೆತ್ತಿ ಮ್ಯಾಲೆ ಹೊಡೀತಿದ್ದೆ, ಓಡಿ ಹೋಗ್ತಿದ್ವು. ಇಪ್ಪತ್ತು ವರ್ಸದಾಗ ಒಂದು ಪ್ರಾಣಿ ಬಿದ್ದಿಲ್ಲ, ಒಂದು ಸಾಲು ಜ್ವಾಳ ಹೋಗಿಲ್ಲ.”

“ಅಕ್ಕಾ, ಅದು ಕಾಗದ ಐತಿ,” ಎಂದು ಭೀಮರಾಜ ಹಿಂದಿನಿಂದ ಗೋಗರೆದ. “ಕಣ್ಣು ಮುಚ್ಚಿ ಹೊಡಿ. ತುಪಾಕಿ ಹೋಗ್ತತಿ.”

ಹೋಗುತ್ತದೆ ಅನ್ನುವುದು ಅವಳಿಗೂ ಗೊತ್ತಿತ್ತು. ಗುಜರಿಯಲ್ಲಿ ನಳಿಗೆ ಬೇರೆ ಮರ ಬೇರೆ ಆಗಿ ಬಿದ್ದಿರುವುದನ್ನು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡು ಅತ್ತಿದ್ದಳು. ಆದರೂ ಅಂದಳು, “ಹೋದ್ರ ಹೋಗಲಿ. ಕೊಟ್ಟ ಮಾತು ಮುರದು ಅದನ್ನ ಮನೀಗೆ ಒಯ್ದು ಏನು ಮಾಡ್ಲಿ?”

ಯಾರೂ ನಗಲಿಲ್ಲ. ಗುರುಶಾಂತ ಟೋಪಿ ತೆಗೆದು ತಲೆ ಒರೆಸಿಕೊಂಡರು. “ಕಾಗದ ತಿರುವಿ ಹಾಕಿಸಲೇನು? ಹಿಂದ ಬರೀ ಬಿಳಿ ಐತಿ.”

“ಹಂಗ ಮಾಡಿದ್ರ ಆತನ ಬೆನ್ನಿಗೆ ಹೊಡದಂಗ ಆತಲ್ರಿ. ಅದು ಇನ್ನೂ ಕೆಟ್ಟದ್ದು.”

ಈಗ ನಕ್ಕವರು ಗುರುಶಾಂತ. ನಿಯಮದ ಹಾಳೆ ತರಿಸಿ ಓದಿದರು. ಕಾಗದಕ್ಕೆ ಬೀಳಬೇಕು ಎಂದಿತ್ತು, ಕಾಗದದಲ್ಲಿ ಎಲ್ಲಿಗೆ ಎಂದು ಇರಲಿಲ್ಲ. ಅಡಿಗೆಯವರ ಒಲೆಯಿಂದ ಒಂದು ಇದ್ದಿಲು ತರಿಸಿಕೊಂಡು, ತಾವೇ ಹೋಗಿ ಕಾಗದದ ಮೇಲಿನ ಮೂಲೆಯಲ್ಲಿ, ಮೀಸೆಯವನ ಬಲಗಿವಿಯ ಪಕ್ಕಕ್ಕೆ, ಒಂದು ಗುಂಡನೆಯ ಗೆರೆ ಎಳೆದರು. “ಬೂದುಗುಂಬಳಕಾಯಿ,” ಎಂದರು ಬಂದು. “ಮಹಾನವಮಿ ಅಂತ ತಿಳಕೊ.”

“ಸಣ್ಣಕಾಯಿ ಆತಲ್ರಿ,” ಎಂದ ಭೀಮರಾಜ.

“ಸುಮ್ನಿರಲೇ,” ಎಂದು ಅಕ್ಕ ತೋಟಾ ಹಾಕಿದಳು.

ಮೂರನೇ ಈಡಿಗೆ ಗೆರೆಯ ಒಳಗಿನ ಬಿಳಿ ಹೋಯಿತು. ನಾಲ್ಕನೆಯದಕ್ಕೆ ಗೆರೆಯೂ ಹೋಯಿತು. ಐದನೆಯದನ್ನು ಹಾಕುವ ಮುಂಚೆ ಅವಳು ಡಬ್ಬಿ ಕಡೆ ಒಮ್ಮೆ ನೋಡಿದಳು, ಖಾಲಿ. ಹೊಡೆದಳು. ಹಲಗೆಯ ಆ ಮೂಲೆ ಮುರಿದು ಕೆಳಗೆ ಬಿತ್ತು, ಕಾಗದದ ಮೂಲೆ ಜಾಳುಜಾಳಾಗಿ ನೇತಾಡಿತು. ದಲ್ಲಾಳಿ ಎದ್ದು ಬಂದು, “ಅವ್ವಾರ, ಆ ಹದಿನಾರು ಒಂದೀಟು ಹಿಡಿದು ನೋಡ್ಲೇನು?” ಎಂದು ಕೇಳಿದ. ಭರಮಮ್ಮ ನಳಿಗೆ ಖಾಲಿ ಇದೆ ಎಂದು ತೆರೆದು ತೋರಿಸಿ, ಆಮೇಲೆ ಕೊಟ್ಟಳು. ಅವಳಿಗೆ ಅವತ್ತು ಆದಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಬಂದೂಕು ಲೈಸೆನ್ಸ್ ಬರುವ ತನಕ ಠಾಣೆಯಲ್ಲೇ ಇರಬೇಕು. “ಎಣ್ಣಿ ಹಚ್ಚಿ ಇಡವ್ವಾ,” ಎಂದು ರೋಜಾಳಿಗೆ ಹೇಳಿ ಒಪ್ಪಿಸಿದಳು. ಗುರುಶಾಂತ ಸರ್ಟಿಫಿಕೇಟಿನ ಜೊತೆಗೆ ಆ ಕಾಗದವನ್ನೂ ಸುರುಳಿ ಸುತ್ತಿ ಕೊಟ್ಟರು.

ಬಸ್ಸಿನಲ್ಲಿ ಭೀಮರಾಜ ಅದನ್ನು ಬಿಚ್ಚಿ ನೋಡಿದ. ಮೀಸೆಯವನಿಗೆ ಎಲ್ಲೂ ಗಾಯವಿಲ್ಲ. ಬಲಗಿವಿಯ ಹಾಲೆಯಲ್ಲಿ ಮಾತ್ರ ಒಂದು ಚರೆ ಹಾದು ಹೋದ ತೂತು. “ಅಕ್ಕಾ, ಒಂದು ತಗಲೈತಿ ನೋಡು,” ಎಂದ.

ಭರಮಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ನಡುಮನೆಯ ಗೋಡೆಯಲ್ಲಿ ಬಂದೂಕು ತೂಗುವ ಎರಡು ಗೂಟ ಎಂಟು ತಿಂಗಳಿಂದ ಖಾಲಿ ಇದ್ದವು. ಅವುಗಳ ಕೆಳಗೆ ಆ ಕಾಗದವನ್ನು ನಾಲ್ಕು ಮೊಳೆ ಹೊಡೆದು ಹಾಕಿದಳು. ಒಳಗೆ ಹೋಗಿ ಟ್ರಂಕು ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಡಕು ತಂದಳು. ಮೀಸೆಯವನ ಬಲಗಿವಿಯ ತೂತಿಗೆ ಅದು ಸರಿಯಾಗಿ ಕೂತಿತು.