ಮೊದಲ ಪೆಟ್ಟಿಗೆಯ ಪೂಜೆ

ಕುರ್ಲಾದ ಗೋದಾಮಿನಿಂದ ಸರಕು ಹೊರಡುವ ಮುನ್ನ ಮೊದಲ ಪೆಟ್ಟಿಗೆಗೆ ಪೂಜೆ ಮಾಡುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸವಾಗಿತ್ತು. ಔಷಧ ರಫ್ತು ಮಾಡುವ ಆ ಕಂಪನಿ ನನ್ನ ಹೆಂಡತಿ ರಮಾಮಣಿಯ ತಮ್ಮ ನಾಣಿಯದು. ರಮಾಮಣಿ ತೀರಿಕೊಂಡು ಮೂರು ತಿಂಗಳಾಗಿತ್ತು. ಈ ಸಲ ಬೇರೆಯವರನ್ನು ಕರೆಸು ಎಂದರೆ ನಾಣಿ ಕೇಳಲಿಲ್ಲ.

ಅದು ತೊಂಬತ್ತೆರಡನೆಯ ಇಸವಿ. ಸೋವಿಯತ್ ಒಕ್ಕೂಟ ಒಡೆದು ಸ್ವತಂತ್ರವಾದ ದೇಶವೊಂದರಿಂದ ಮುರಾತ್ ಎಂಬಾತ ಸರಕು ಕೊಳ್ಳಲು ಬಂದಿದ್ದ. ಹೋದ ವರ್ಷದವರೆಗೆ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಮೇಷ್ಟರು, ಈಗ ವ್ಯಾಪಾರಿ. ತಮ್ಮಲ್ಲಿ ಚುನಾವಣೆ ಬಂದಿದೆ, ಯಾರು ಬೇಕಾದರೂ ಅಂಗಡಿ ತೆರೆಯಬಹುದು, ಆಸ್ಪತ್ರೆಯಲ್ಲಿ ಮಾತ್ರ ಔಷಧವಿಲ್ಲ ಎನ್ನುವಾಗ ಅವನ ಕಣ್ಣು ತುಂಬಿತ್ತು. ರಮಾಮಣಿಯ ಹಾಸಿಗೆಯ ಪಕ್ಕ ಕೂತು ಎದ್ದವನು ನಾನು. ಅವನ ಮಾತು ನನ್ನನ್ನು ತಾಕಿತು.

ಪೂಜೆಯ ಹಿಂದಿನ ದಿನವೇ ನಾನು ಗೋದಾಮಿನಲ್ಲಿ ನೋಡಿದ್ದೆ. ಮಕ್ಕಳ ಜ್ವರದ ಔಷಧ, ಅವಧಿ ಮುಗಿದ ಬಾಟಲಿಗಳು; ಹಳೆಯ ತಾರೀಖಿನ ಮೇಲೆ ಕೆಲಸದವರು ಹೊಸ ಚೀಟಿ ಅಂಟಿಸುತ್ತಿದ್ದರು. ನಾಣಿಯನ್ನು ಕೇಳಿದೆ.

"ಭಾವ, ಮೊದಲಿನ ಹಾಗೆ ಅವರ ಸರ್ಕಾರದ ಇನ್ಸ್‌ಪೆಕ್ಟರು ಬಂದು ಕೂರಲ್ಲ ಈಗ. ಓಟು ಬಂತು, ಮಾರ್ಕೆಟ್ಟು ಬಂತು. ನೀವು ಪೂಜೆ ಮಾಡಿ ಸಾಕು, ನಿಮ್ಮ ಮುಖ ನೋಡಿ ಮುರಾತ್ ನಂಬ್ತಾನೆ."

ನನ್ನ ಜುಟ್ಟು, ವಿಭೂತಿ ನಾಣಿಗೆ ಇನ್ನೊಂದು ಚೀಟಿ. ಆದರೂ ಹೋದೆ, ಮುರಾತನಿಗೆ ತೋರಿಸಲೆಂದೇ.

ಪೆಟ್ಟಿಗೆ ತೆರೆಸಿ, ಒಂದು ಬಾಟಲಿ ಕೈಗೆತ್ತಿಕೊಂಡು, ಕಲಶದ ನೀರು ಪ್ರೋಕ್ಷಿಸಿದೆ. ಹೆಬ್ಬೆರಳಿನಿಂದ ಉಜ್ಜಿದೆ. ಹೊಸ ಚೀಟಿ ಸುರುಳಿಯಾಗಿ ಕಿತ್ತು ಬಂತು; ಕೆಳಗೆ ಎಂಬತ್ತೊಂಬತ್ತರ ತಾರೀಖು. ಬಾಟಲಿಯನ್ನು ಮುರಾತನ ಮುಂದೆ ಹಿಡಿದೆ. ನಾಣಿಯ ಮುಖ ಬಿಳುಚಿತು.

ಮುರಾತ್ ಓದಿದ. ನನ್ನ ಕಡೆ ನೋಡಲಿಲ್ಲ. ನಾಣಿಗೆ ತಗ್ಗಿದ ದನಿಯಲ್ಲಿ, ಶುದ್ಧ ಹಿಂದಿಯಲ್ಲಿ ಹೇಳಿದ್ದು ಇಷ್ಟು:

"ಹಾಗಾದರೆ ರೇಟು ಇಳಿಸಿ. ಅಂಟು ಗಟ್ಟಿಯಾಗಿರಲಿ, ನಮ್ಮಲ್ಲಿ ಹಿಮ ಬೀಳುತ್ತದೆ."

ಇಬ್ಬರೂ ನಕ್ಕರು.

ನಾನು ತೆಂಗಿನಕಾಯಿ ಮುಟ್ಟಲಿಲ್ಲ. ನಾಣಿಯೇ ಎತ್ತಿಕೊಂಡ. ದೇವರೇ, ಕೊಳೆತಿರಲಿ ಎಂದು ಬೇಡಿಕೊಂಡೆ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಬೆಳ್ಳಗಿತ್ತು. ನೀರು ಸಿಹಿಯಾಗಿದೆ ಎಂದು ಮುರಾತ್ ಕುಡಿದು ಹೇಳಿದ.

"ತಗೊಳ್ಳಿ ಭಾವ, ಪ್ರಸಾದ," ಎಂದು ನಾಣಿ ಒಂದು ಹೋಳು ಚಾಚಿದ.

ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಪ್ರಸಾದಕ್ಕೆ ಕೈಯೊಡ್ಡದೆ ಹೊರಗೆ ಬಂದೆ.